ಹುಚ್ಚಪ್ಪನ ಪ್ಲಾಸ್ಟಿಕ್ ಕಪ್ಪಿ

ನನ್ನ ತಮ್ಮ ಹುಚ್ಚಪ್ಪ ಬಸ್ ಡ್ರೈವರ್ ಇದ್ದ. ರಿಟೈರ್ ಆದಮ್ಯಾಲೆ ಉಳಿದ ಗಂಡಸರು ಗುಡಿ ಕಟ್ಟಿ ಹಿಡೀತಾರ, ಇಂವ ಗಾಳ ಹಿಡದ. ಕಾರವಾರ ಗಾಡಿ ಓಡಿಸುವಾಗ ಒಮ್ಮೆ, ಸಮುದ್ರದ ಕಲ್ಲದಂಡಿ ಮ್ಯಾಲೆ ಯಾರೋ ನಿಂತು ಸುಳ್ಳ ಮೀನ ಎಸದು ಖರೇ ಮೀನ ಎಳಿಯೂದ ನೋಡಿದ್ನಂತ.

ಗಬ್ಬೂರದಾಚೆ ಒಂದ ಕೆರಿ ಐತಿ, ದಂಡಿ ತುಂಬ ಗರಸುಗಲ್ಲು. ಎರಿಹುಳ ಬ್ಯಾಡ, ಹಿಟ್ಟಿನ ಉಂಡಿ ಬ್ಯಾಡ. ಅಲ್ಲಿ ನಿಂತು ವಟಗುಟ್ಟದ ಹಸರ ಪ್ಲಾಸ್ಟಿಕ್ ಕಪ್ಪಿ ಎಸೆಯೂದು, ದಾರ ಗರಗರ ಸುತ್ತಿ ಎಳಕೊಳ್ಳೂದು. ಕಪ್ಪಿ ಕುಪ್ಪಳಿಸಿದಂಗ ಕಂಡ್ರ ಕೊರವ ಮೀನ ಬಾಯಿ ಹಾಕತೈತಂತ.

"ಹಸಿವಿಗಲ್ಲಕ್ಕಾ, ಸಿಟ್ಟಿಗೆ. ಅದರ ಮನಿ ಮುಂದ ಯಾರರ ಕುಣದ್ರ ಸುಮ್ನಿರ್ತದೇನು?"

ಮೀನ ಸುಮ್ನಽ ಇತ್ತು. ಸಿಟ್ಟಿಗೆದ್ದಾಕಿ ಅವನ ಹೆಂಡ್ತಿ ಸುಜಾತಾ. ಓಣ್ಯಾಗ ಎಸೆಯೂದ ಕಲಿಯುವಾಗ ಅಂವ ಹಿಡದದ್ದು ಬಾಜೂಮನಿ ಕಾಸಿಮಸಾಬನ ಟೊಪಗಿ, ಆಮ್ಯಾಲೆ ಒಣಗ ಹಾಕಿದ್ದ ನನ್ನ ಸೀರಿ. ದೊಡ್ಡದು ಬಿದ್ದೈತಿ ಅಂತ ಜಗ್ಗೇ ಜಗ್ಗಿದ, ಹರೀತು.

"ಶ್ರಾವಣ ಹತ್ತೂದ್ರಾಗ ಒಂದ ಮೀನ ತಂದ್ರ ಓಣಿಗೆಲ್ಲ ಸಾರ ಮಾಡಿ ಬಡಸ್ತೇನ್ರಿ," ಅಂದ್ಲು ಸುಜಾತಾ. "ಇಲ್ಲಂದ್ರ ಆ ಗಾಳ ಗುಜರಿ ಶಾಕೀರಗ."

ಶ್ರಾವಣದಾಗ ನಮ್ಮ ಮನಿ ಹೊಸ್ತಿಲಾ ಮೀನ ಮಾಂಸ ದಾಟೂದಿಲ್ಲ. ತಮ್ಮನ ಮಾರಿ ಸಣ್ಣದಾತು. ಜೀವಮಾನ ಪೂರಾ ಕಂಡಕ್ಟರ್ ಸೀಟಿ ಹೊಡದಲ್ಲೇ ನಿಂತಾವ ಅಂವ. ಆ ಗರಸಿನ ಮ್ಯಾಲೆ ಅಷ್ಟಽ ತನಗ ಬೇಕಾದಷ್ಟೊತ್ತು ನಿಲ್ಲತಿದ್ದ.

ಕಡೀದಿನ ಸಂಜೀಕ ಒಂದ ಮೀನ ತಂದು ಸುಜಾತಾನ ಮುಂದ ಇಟ್ಟ. ಆಕಿ ಕಿವಿರು ಎತ್ತಿ ನೋಡಿದ್ಲು.

"ಗಬ್ಬೂರ ಕೆರ್ಯಾಗ ಬರ್ಫ ಯಾವಾಗ ಬಿತ್ತ್ರಿ?"

ತಮ್ಮ ನನ್ನ ಮಾರಿ ನೋಡಿದ. ಅದು ಬಂಗಡಿ. ಸಮುದ್ರದ್ದು, ಬಸ್ ಹತ್ತಿ ಬಂದದ್ದು. ಅದರ ಸಾರ ಉಂಡಿವಿ.

ಮರುದಿನ ಶ್ರಾವಣ ಹತ್ತಿತು. ಶಾಕೀರ ಬರೂದ್ರಾಗ ಕಡೀಸಲ ಎಸದು ಬರ್ತೇನಂತ ನಸಿಕಿನ್ಯಾಗ ಹೋದಾವ ಬಿಸಲೇರಿದಮ್ಯಾಲೆ ಬಂದ, ಪಂಚಿ ತುಂಬ ಕೆಸರು. ಕೈಯಾಗ ತೋಳಿನಷ್ಟುದ್ದ ಕೊರವ. ಬಾಯಾಗ ಹಸರ ಕಪ್ಪಿ ಹಂಗಽ ಕಚ್ಚಿಕೊಂಡಿತ್ತು. ನನ್ನ ಗಂಡ ಸತ್ತಾಗ ಸೈತ ಅಷ್ಟ ಮಂದಿ ನೋಡಾಕ ಬಂದಿರಲಿಲ್ಲ.

"ಒಳಗ ತರಬ್ಯಾಡ್ರಿ," ಅಂದ್ಲು ಸುಜಾತಾ. "ಒಂದ ದಿನ ತಡಾ ಆತು."

"ಅದಕ್ಕೇನ ಕ್ಯಾಲೆಂಡರ್ ಓದಾಕ ಬರ್ತದೇನ?" ಅಂದ ತಮ್ಮ.

ಎದರಮನಿ ಗುಲ್ಜಾರಬಿ ಕಟ್ಟಿ ಮ್ಯಾಲಿಂದ ಕೈ ಚಾಚಿದ್ಲು. "ತಾ ಇಲ್ಲೆ ಹುಚ್ಚಪ್ಪಾ. ನನಗ ಶ್ರಾವಣ ಇಲ್ಲ, ಗ್ಯಾಸ್ ಐತಿ."

ಮಧ್ಯಾಹ್ನ ಓಣಿಮಂದೆಲ್ಲ ಆಕಿ ಮನಿಗೆ ಸುಮ್ನ ನೋಡಿ ಬರಾಕಂತ ಹೋದ್ರು, ತಾಟ ಹಿಡಕೊಂಡು. ಶ್ರಾವಣ ಹಿಡದವರು ರಸಾ ಅಷ್ಟ ಸಾಕಂದ್ರು. ನಾನೂ ರಸಾನಽ ಕೇಳಿದೆ. ಅದರಾಗ ಒಂದ ತುಂಡ ತಾನಾಗೇ ಬಂದು ಕುಂತ್ರ, ಹೊಳ್ಳಿ ಕೆರಿಗೆ ಬಿಡಾಕ ಆಗ್ತದೇನು?

ಸುಜಾತಾ ಬರಲಿಲ್ಲ. ತನ್ನ ಬಾಗಲದಾಗ ನಿಂತು, ಯಾರಾರು ಎರಡನೇ ಸಲ ಹಾಕಿಸಿಕೊಂಡ್ರು ಅಂತ ನೋಡಿದ್ಲು. ಅವರಾಗ ಶಾಕೀರನೂ ಇದ್ದ. ಉಂಡು, ಕೈ ಒರಸಿಕೊಂತ ಆಕಿ ಕಡೆ ಹೋದ.

"ಅವ್ವಾರ, ಗಾಳ ಕೊಡ್ತೇನಂದಿದ್ರಿ."

ಹುಚ್ಚಪ್ಪ ಗುಲ್ಜಾರಬಿ ಕಟ್ಟಿ ಮ್ಯಾಲೆ ಕೈಯಾಗಿನ ತುತ್ತು ಕೈಯಾಗಽ ಹಿಡಕೊಂಡು ಕುಂತ. ಸುಜಾತಾ ಒಳಗ ಹೋದ್ಲು. ಹೊರಗ ಬಂದು, ತಳಾ ಸೋರೂ ಕೊಡಾ ಒಂದ ಶಾಕೀರನ ಕೈಯಾಗ ಇಟ್ಲು.

"ಗಾಳ ಯಾರಂದ್ರೋ? ಕೊಡಾ ಅಂದಿದ್ದೆ."

ತಮ್ಮ ತುತ್ತು ಬಾಯಿಗೆ ಹಾಕ್ಕೊಂಡ.