ಎಲ್ಲರೂ ಬಂದು ಹೋಗುವ ಜಾಗ

ನಮ್ಮ ಡ್ರಿಲ್ ಮೇಷ್ಟ್ರ ಬಲಗೈ ಉಂಗುರಬೆರಳು ಚೆಂಡಿನ ಏಟಿಗೆ ಮುರಿದು ಹೊರಕ್ಕೆ ಸೊಟ್ಟಗಾಗಿತ್ತು. ಅವರು ಕೈ ಚಾಚಿ "ನೀ ಹೇಳು" ಎಂದರೆ ಇಬ್ಬರು ಏಳುತ್ತಿದ್ದರು: ಅವರು ತೋರಿಸಿದವನು, ಆ ಬೆರಳು ತೋರಿಸಿದವನು. "ಇರ್ಲಿ, ಅವನಾದ ಮ್ಯಾಲೆ ನೀನು" ಎಂದು ಇಬ್ಬರನ್ನೂ ಮಾತಾಡಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ವಾಲಿಬಾಲ್ ಸಂಘಕ್ಕೆ ಅವರೇ ಕಾರ್ಯದರ್ಶಿ. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ನನ್ನ ಚಾಳಿ ನೋಡಿ ಅಂಕ ಬರೆಯುವ ಕೆಲಸ ಕೊಟ್ಟಿದ್ದರು. ಹುಡುಗಿಗೆ ಕೋರ್ಟಿನಲ್ಲಿ ಇದ್ದದ್ದು ಅಷ್ಟೇ ಜಾಗ. ಸರ್ವಿಸ್ ಗೆದ್ದ ತಂಡದ ಆರೂ ಮಂದಿ ಒಂದೊಂದು ಜಾಗ ಸರಿದು, ಸರದಿಯಂತೆ ಒಬ್ಬೊಬ್ಬರೂ ಸರ್ವಿಸ್ ಹೊಡೆಯುವ ಜಾಗಕ್ಕೆ ಬರಬೇಕು, ಮರೆತರೆ ನಾನು "ತಿರುಗ್ರಿ!" ಎಂದು ಕೂಗಬೇಕು. ನನ್ನ ದನಿ ಗಂಟಲಲ್ಲೇ ಉಳಿಯುತ್ತಿತ್ತು.

"ಬರದ್ರ ಸಾಲದವ್ವ, ಚಿಗಟೇರಿ ಊರಿಗೆ ಕೇಳಂಗ ಕೂಗು" ಎನ್ನುತ್ತಿದ್ದರು.

ಸಂಘದ ಸಭೆ ಹಿರಿಯರದ್ದಾಗಿತ್ತು. ಮೇಷ್ಟ್ರು ಆಟಗಾರರನ್ನೂ ನನ್ನನ್ನೂ ಅದಕ್ಕೆ ಸೇರಿಸಿದರು. ಕುರ್ಚಿಗಳನ್ನು ದುಂಡಗೆ ಹಾಕಿಸಿ, ಆಟದಲ್ಲಿ ಸರಿದಂತೆ ಸಭೆಗೊಮ್ಮೆ ಎಲ್ಲರೂ ಒಂದು ಜಾಗ ಸರಿಯುವ ನಿಯಮ ತಂದರು. ಅಧ್ಯಕ್ಷರ ಕುರ್ಚಿಗೆ ಬಂದವರು ಆ ದಿನ ಸಭೆ ನಡೆಸಬೇಕು.

ಅಧ್ಯಕ್ಷರಾಗಿದ್ದ ಶೇಂಗಾ ಮಿಲ್ಲಿನ ಸಾಹುಕಾರರು ಹುಡುಗರನ್ನು ಹೇಗೋ ಸಹಿಸಿಕೊಂಡಿದ್ದರು. ನನ್ನ ಸರದಿ ಬಂದಾಗ ತಡೆದುಕೊಳ್ಳಲಿಲ್ಲ.

"ಏನ್ ಮೇಷ್ಟ್ರ, ನನ್ನ ಕುರ್ಚ್ಯಾಗ ಹೆಣ್ಕೂಸು ಕುಂದ್ರಸ್ತೀರೇನು?"

"ನಿಮ್ದಲ್ರಿ ಸಾಹುಕಾರ್ರ. ಸರ್ವಿಸ್ ಜಾಗ ಅದು. ಎಲ್ರೂ ಬಂದು ಹೋಗೋ ಜಾಗ."

ಕೂತೆ. "ಗುರುವಾರ ಸಂಜಿ ಹುಡುಗ್ಯಾರಿಗೆ ಕೋರ್ಟ್ ಬೇಕ್ರಿ" ಎಂದೆ.

"ಲಂಗ ಎತ್ತಿ ಕಟ್ಟಿ ಹಾರ್ತೀರೇನು?" ಎಂದರು ಒಬ್ಬ ಹಿರಿಯರು. ನಗು ಎದ್ದಿತು.

"ಆಕಿ ಸರ್ವಿಸ್ ಐತ್ರಿ. ಚೆಂಡು ಬೀಳೂತನಕ ಸುಮ್ನಿರ್ರಿ" ಎಂದರು ಮೇಷ್ಟ್ರು.

ಕೈ ಎತ್ತಿಸಿದಾಗ ಆಟಗಾರರೆಲ್ಲ ಎತ್ತಿದರು. ಗುರುವಾರ ನಮ್ಮದಾಯಿತು.

ಬಹಳ ದಿನ ಉಳಿಯಲಿಲ್ಲ. ಮುಂದಿನ ಸಭೆ ಮಿಲ್ಲಿನೊಳಗೆ, ಹಿರಿಯರಷ್ಟೇ ಸೇರಿ ನಡೆಯಿತು. ಮೇಷ್ಟ್ರನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ನೆಟ್ ಇಡುವ ಪೆಟ್ಟಿಗೆಗೆ ಬೀಗ ಬಿತ್ತು. ಆ ಗುರುವಾರ ಮೇಷ್ಟ್ರು ಮನೆಯಿಂದ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಕಂಬಕ್ಕೆ ಕಟ್ಟಿದರು. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ಹೋಯಿತೋ ಎಂದು ನಾವು ಪ್ರತಿ ಸಲ ಜಗಳವಾಡಿದೆವು. ಅವರು ನಗುತ್ತ ನಿಂತಿದ್ದರು. ಆದರೆ ಅಂಥ ಸಂಜೆಗಳು ಹೆಚ್ಚು ಸಿಗಲಿಲ್ಲ. ಬೇಸಿಗೆಯಲ್ಲಿ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ಕೈ ಜೋಡಿಸಿ ಮಲಗಿಸಿದ್ದರು. ಸೊಟ್ಟ ಬೆರಳು ಮಾತ್ರ ಜೋಡಣೆಗೆ ಬಾರದೆ ಪಕ್ಕಕ್ಕೇ ತೋರಿಸುತ್ತಿತ್ತು.

ಚಟ್ಟಕ್ಕೆ ಹಿರಿಯರೇ ಹೆಗಲು ಕೊಟ್ಟರು, ಮುಂದೆ ಸಾಹುಕಾರರು. ಬೀದಿ ಮುಗಿಯುತ್ತ ಬಂದರೂ ಯಾರೂ ಹೆಗಲು ಬಿಡಲಿಲ್ಲ. ಮೇಷ್ಟ್ರು ಬೆಳೆಸಿದ ಹುಡುಗರು ಬರಿಗೈಯಲ್ಲಿ ಹಿಂದೆ ನಡೆಯುತ್ತಿದ್ದರು. ಹೆಂಗಸರು ನಿಲ್ಲಬೇಕಾದ ತಿರುವು ಬಂತು. ನಾನು ನಿಂತೆ.

"ತಿರುಗ್ರಿ!"

ಚಟ್ಟ ನಿಂತಿತು. ಸಾಹುಕಾರರು ತಿರುಗಿ ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ನಮ್ಮ ತಂಡದ ಹುಡುಗನೊಬ್ಬ ಹೆಗಲು ಕೊಟ್ಟ. ಉಳಿದವರೂ ಒಂದೊಂದು ಜಾಗ ಸರಿದರು.

ಅಲ್ಲಿಂದ ಮುಂದೆ ನಾನು ಹೋಗುವಂತಿರಲಿಲ್ಲ. ಚಟ್ಟ ಮರೆಯಾಗುವವರೆಗೆ ನೋಡುತ್ತ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಚಟ್ಟ ಹೋದ ಹಳ್ಳದ ಕಡೆಯಿಂದ ಮತ್ತೊಮ್ಮೆ ಆ ಕೂಗು ಕೇಳಿತು, ಬೇರೆ ಯಾರದೋ ದನಿಯಲ್ಲಿ.