ಗೊರಕೆಯ ಸಾಕ್ಷಿ

ಎಂಬತ್ತರ ದಶಕದಲ್ಲಿ, ಹೊಸಹಳ್ಳಿಯ ವಠಾರದಲ್ಲಿ ನನ್ನ ಪಕ್ಕದ ಮನೆಯವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದರು. ಒಮ್ಮೆ ನಿದ್ದೆಗೆಟ್ಟು ಕೆಲಸಕ್ಕೆ ಹೋಗಿ ಎಡಗೈಯ ಕಿರುಬೆರಳು ಕಳೆದುಕೊಂಡಿದ್ದರು. ಆಮೇಲೆ ದಿನಾ ಬೆಳಿಗ್ಗೆ ಹೆಂಡತಿಯನ್ನು ಕೇಳುತ್ತಿದ್ದರು: "ಗೊರಕೆ ಹೊಡೆದ್ನೇನೇ?" ಹೌದೆಂದರೆ ಕೆಲಸ, ಇಲ್ಲವೆಂದರೆ ರಜೆ. "ಮಲಗಿದೋನಿಗೆ ತನ್ನ ನಿದ್ದೆ ಗೊತ್ತಾಗಲ್ಲ ಸಾರ್, ಪಕ್ಕದೋರೇ ಹೇಳ್ಬೇಕು" ಅನ್ನುತ್ತಿದ್ದರು, ಉಳಿದ ನಾಲ್ಕು ಬೆರಳು ಮಡಚಿ ಬಿಚ್ಚುತ್ತ.

ಹೆಂಡತಿ ತವರಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನನ್ನೇ ಕೇಳಿದರು. ಎರಡು ಮನೆಗೂ ಒಂದೇ ಗೋಡೆ. ನಾನು ಹಲ್ಲುಜ್ಜುತ್ತ, ಯೋಚಿಸದೆ, "ಜೋರಾಗೇ ಹೊಡೀತಿದ್ರಿ" ಅಂದುಬಿಟ್ಟೆ. ಅವರು ಊಟದ ಡಬ್ಬಿ ಹಿಡಿದು ಹೊರಟುಹೋದ ಮೇಲೆ ಹೊಳೆಯಿತು: ರಾತ್ರಿ ನನಗೆ ಏನೂ ಕೇಳಿಸಿರಲಿಲ್ಲ.

ಆಫೀಸಿನಲ್ಲಿ ಒಂದು ಫೈಲೂ ಓದಲಾಗಲಿಲ್ಲ. ಸಂಜೆ ಗೇಟಿನ ಹತ್ತಿರವೇ ಕಾದು ನಿಂತೆ. ಅವರು ಬಂದಾಗ ಮುಖ ಬಿಟ್ಟು ಕೈ ನೋಡಿದೆ. ಒಂಬತ್ತೂ ಇದ್ದವು.

"ಕಣ್ಣೇ ಮುಚ್ಚಿಲ್ಲ ಅನ್ನಿಸ್ತಿತ್ತು ಸಾರ್. ನಿಮ್ಮ ಮಾತು ನಂಬ್ಕೊಂಡು ಮೆಷಿನ್ ಮುಂದೆ ಕೂತೆ" ಅಂದರು. "ನಮ್ಮನೆಯವಳು ಸುಮ್ನೆ ಹೂಂ ಅಂತಾಳೆ. ಇನ್ಮೇಲೆ ನಿಮ್ಮನ್ನೇ ಕೇಳ್ತೀನಿ."

ಆ ವಠಾರ ಬಿಡುವ ತನಕ, ಗೋಡೆಯಾಚೆ ಗೊರಕೆ ಶುರುವಾಗದೆ ನಾನು ಕಣ್ಣು ಮುಚ್ಚಲಿಲ್ಲ.