ಬೇಸ್‌ಮೆಂಟಿನ ಅನೌನ್ಸರ್

ಯಾರಾದರೂ ಎರಡು ನಿಮಿಷ ಎದುರಿಗೆ ನಿಂತು ಮಾತಾಡಿದರೆ ಸಾಕು, ಅವರ ಧ್ವನಿಯನ್ನು ಎತ್ತಿಕೊಂಡುಬಿಡುವುದು ನನ್ನ ಚಿಕ್ಕಂದಿನ ಚಟ. ನಮ್ಮ ಹೆಡ್‌ಮಾಸ್ಟರ ಕೆಮ್ಮು, ಬಸ್ ಕಂಡಕ್ಟರ ಮೂಗು, ಮದುವೆಮನೆಯಲ್ಲಿ ಮೈಕ್ ಸಿಕ್ಕಿದ ಕೂಡಲೇ ಮಂತ್ರಿಯಾಗಿಬಿಡುವ ದೊಡ್ಡಪ್ಪನ ಗತ್ತು, ಎಲ್ಲವೂ ನನ್ನ ಗಂಟಲಲ್ಲಿ ಮನೆ ಮಾಡಿಕೊಂಡಿದ್ದವು. ಸ್ವಂತ ಧ್ವನಿ ಅಂತ ಒಂದಿತ್ತು. ಅದನ್ನು ಇಂಟರ್‌ವ್ಯೂಗಳಿಗೆ ಮಾತ್ರ ಬಳಸುತ್ತಿದ್ದೆ. ಆ ಧ್ವನಿಗೆ ಯಾರೂ ಕಾಯಂ ಕೆಲಸ ಕೊಡಲಿಲ್ಲ.

ಅದು ರಿಸೆಷನ್ನಿನ ಕಾಲ. ಡೆಟ್ರಾಯಿಟ್ ಸುತ್ತಮುತ್ತ ಇಂಜಿನಿಯರುಗಳನ್ನು ಸಾಲುಸಾಲಾಗಿ ಮನೆಗೆ ಕಳಿಸುತ್ತಿದ್ದರು. ಸಿಕ್ಕಿದ್ದ ಕಾಂಟ್ರ್ಯಾಕ್ಟ್ ಕೆಲಸವೂ ಹೋದ ಮೇಲೆ ನಾನು ಡಿಯರ್‌ಬಾರ್ನ್ ಆಚೆಯ ಬಡಾವಣೆಯೊಂದರಲ್ಲಿ, ಕನ್ನಡದ ದಂಪತಿಗಳ ಮನೆಯ ಬೇಸ್‌ಮೆಂಟಿಗೆ ಬಂದು ಸೇರಿದೆ. ಆ ಬೀದಿಯಲ್ಲಿ ಸಾಲ ಕಟ್ಟಲಾಗದೆ ಜನ ಬಿಟ್ಟುಹೋದ ಎಷ್ಟೋ ಮನೆಗಳು ಖಾಲಿ. ಬ್ಯಾಂಕಿನವರು ಕಳ್ಳರನ್ನು ಹೆದರಿಸಲು ಒಳಗೆ ಟೈಮರ್ ಹಾಕಿದ ದೀಪಗಳನ್ನು ಇಟ್ಟಿದ್ದರು. ಸಂಜೆಯಾಗುತ್ತಿದ್ದಂತೆ ಆ ಮನೆಗಳೆಲ್ಲ ಒಟ್ಟಿಗೇ ಕಣ್ಣು ಬಿಡುತ್ತಿದ್ದವು. ಕಿಟಕಿಯಲ್ಲಿ ಬೆಳಕು, ಒಳಗೆ ಬರೀ ಕಾರ್ಪೆಟ್ಟು. ಮೊದಲ ವಾರ ನಾನು ಅಂಥ ಒಂದು ಕಿಟಕಿಗೆ ಕೈಬೀಸಿ, ಮರ್ಯಾದೆ ಇಲ್ಲದ ಜನ ಅಂತ ಬೈದುಕೊಂಡದ್ದೂ ಉಂಟು.

ಮನೆಯ ಅಂಕಲ್ ಮೈಸೂರಿನವರು, ಆಂಟಿ ಹುಬ್ಬಳ್ಳಿಯವರು. ಚಳಿಗಾಲದಲ್ಲಿ ಕೆಲಸ ಹೋದ ದಿನ ಅಂಕಲ್ ತಮ್ಮ ಡೆಸ್ಕ್ ಖಾಲಿ ಮಾಡಿ, ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಅದಕ್ಕೆ ಸೀಟ್ ಬೆಲ್ಟ್ ಹಾಕಿ ತಂದಿದ್ದರಂತೆ. ನಾನು ಹೋದಾಗಲೂ ಪೆಟ್ಟಿಗೆ ಬೆಲ್ಟ್ ಹಾಕಿಕೊಂಡೇ ಕೂತಿತ್ತು. ಆ ದಿನದಿಂದ ಅಂಕಲ್ ಮಾತಾಡಿರಲಿಲ್ಲ. ಡಾಕ್ಟರು ಗಂಟಲಲ್ಲಿ ಏನೂ ದೋಷವಿಲ್ಲ ಎಂದಿದ್ದರು. ಕರೆದರೆ ತಿರುಗುತ್ತಿದ್ದರು, ಕೊಟ್ಟರೆ ತಿನ್ನುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನನ್ನ ಜೀವನದಲ್ಲಿ ಎತ್ತಿಕೊಳ್ಳಲು ಧ್ವನಿಯೇ ಇಲ್ಲದ ಮೊದಲ ಮನುಷ್ಯ.

ಬೇಸ್‌ಮೆಂಟಿನ ಸೀಲಿಂಗಿನಲ್ಲಿ ಹೀಟಿಂಗಿನ ತಗಡಿನ ಕೊಳವೆ ಹಾದುಹೋಗಿತ್ತು. ಅಡುಗೆಮನೆಯಲ್ಲಿ ಆಡಿದ್ದೆಲ್ಲ ಅದರೊಳಗಿಂದ ಇಳಿದು ನನ್ನ ಹಾಸಿಗೆಯ ಮೇಲೆ ಬೀಳುತ್ತಿತ್ತು.

“ಇನ್ನೊಂದು ಚಪಾತಿ ಹಾಕ್ಲೇನ್ರೀ?” ಸ್ವಲ್ಪ ಹೊತ್ತು ಏನೂ ಇಲ್ಲ. “ಬ್ಯಾಡಾ? ಪಲ್ಯಾ?” ಮತ್ತೆ ಏನೂ ಇಲ್ಲ. “ಖಾರ ಆಗೇತೇನು?”

ಉತ್ತರಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಜಾಗ ಬಿಟ್ಟು ಆಂಟಿ ಮಾತಾಡುತ್ತಿದ್ದರು. ಕೇಳುತ್ತಾ ಕೇಳುತ್ತಾ ಆ ಖಾಲಿ ಜಾಗದಲ್ಲಿ ಯಾರೋ ಉಸಿರಾಡಿದಂತೆ ನನಗೆ ಕೇಳಿಸತೊಡಗಿತು.

ಒಂದು ದಿನ ಆಂಟಿ ನನ್ನನ್ನು ಹಿಡಿದುಕೊಂಡರು. “ತಮ್ಮಾ, ಎಲ್ಲಾರನೂ ಆಡಿಸ್ತೀಯಲ್ಲಾ, ಇವರ ಬಾಯಿಂದ ನನಗೊಂದು ಮಾತು ಆಡ್ಸು ನೋಡೋಣು. ಬೈದ್ರೂ ನಡೀತೈತಿ. ಹೋಳಿಗಿ ಮಾಡಿ ಹಾಕ್ತೀನಿ.”

“ತುಪ್ಪ?”

“ತುಪ್ಪದಾಗ ಮುಳಗಿಸ್ತೀನಿ, ನಿನ್ನೂ ಕೂಡೇ.”

ಅಂಕಲ್ ದಿನವಿಡೀ ಬೇಸ್‌ಮೆಂಟಿನ ಹಳೇ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದರು. ಕೆಲಸ ಹುಡುಕುತ್ತಿದ್ದಾರೆ ಎಂದುಕೊಂಡಿದ್ದೆ. ವಸಂತ ಬಂದ ಮೇಲೆ ಒಮ್ಮೆ ಇಣುಕಿದೆ. ಬ್ರಿಟನ್ನಿನ ಸ್ಪೀಡ್‌ವೇ ರೇಸು! ವಯಸ್ಸಿನಲ್ಲಿ ಅವರು ಇಂಗ್ಲೆಂಡಿನ ಒಂದು ಕಾರ್ಖಾನೆಯ ಊರಿನಲ್ಲಿ ಕೆಲಸಕ್ಕಿದ್ದರಂತೆ. ಆ ಊರಿಗೊಂದು ಟೀಮು, ಅದೂ ಮೊದಲ ದರ್ಜೆಯದಲ್ಲ, ಎರಡನೇ ದರ್ಜೆಯ ಲೀಗಿನದು. ನಾಲ್ಕು ಮೋಟರ್‌ಬೈಕು, ಹೊರಡುವ ಗೆರೆಗೆ ಅಡ್ಡ ಕಟ್ಟಿದ ಟೇಪು, ಅಂಡಾಕಾರದ ಮಣ್ಣಿನ ಟ್ರ್ಯಾಕು, ನಾಲ್ಕು ಸುತ್ತು. ಬೈಕಿಗೆ ಒಂದೇ ಗೇರು, ಬ್ರೇಕ್ ಇಲ್ಲವೇ ಇಲ್ಲ. ಎಡಕ್ಕೆ ತಿರುಗಲು ಹ್ಯಾಂಡಲ್ ಬಲಕ್ಕೆ ಎಳೆದು ಜಾರಬೇಕು. ಕೆಲಸ ಹೋದ ಕಾರು ಇಂಜಿನಿಯರ್ ಒಬ್ಬರು ಬ್ರೇಕಿಲ್ಲದ ಗಾಡಿಗಳನ್ನು ನೋಡುತ್ತಾ ಕೂರುವುದಕ್ಕೆ ನಾನು ಒಂದು ಜೋಕು ಮಾಡಿದೆ. ನಗಲು ಯಾರೂ ಇರಲಿಲ್ಲ.

ನೋಡುವುದು ಎಂದೆನಲ್ಲ, ಅದೂ ಸುಳ್ಳು. ಅಲ್ಲಿ ಚಿತ್ರವಿರಲಿಲ್ಲ, ಸದ್ದೂ ಇರಲಿಲ್ಲ. ಆ ಊರಿನ ಯಾರೋ ಅಭಿಮಾನಿ ಮೈದಾನದಲ್ಲಿ ಕೂತು ಒಂದೊಂದು ರೇಸಿನ ಫಲಿತಾಂಶವನ್ನು ಒಂದೊಂದು ಸಾಲಿನಲ್ಲಿ ಹಾಕುತ್ತಿದ್ದ. ರೇಸಿಗೆ ಹೀಟ್ ಎಂದು ಹೆಸರು. ಹೀಟ್ ಆರು: ಕೆಂಪು, ಬಿಳಿ, ನೀಲಿ, ಹಳದಿ. ಅಷ್ಟೇ. ಬಣ್ಣಗಳು ಹೆಲ್ಮೆಟ್ಟಿನವು. ಕೆಂಪು, ನೀಲಿ ನಮ್ಮವರು, ಬಿಳಿ, ಹಳದಿ ಎದುರಾಳಿಗಳು. ನಮ್ಮ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅಲ್ಲಿ ಸಂಜೆ. ಹೊರಗೆ ಮಿಶಿಗನ್ನಿನ ಬಿಸಿಲು, ಸ್ಕ್ರೀನಿನ ಮೇಲೆ ಯಾವುದೋ ಊರಿನ ಮುಸ್ಸಂಜೆ ಸಾಲುಸಾಲಾಗಿ ಕಪ್ಪಾಗುತ್ತಿತ್ತು.

ಮುಂದಿನ ಸಾಲು ಬಂದ ಕೂಡಲೇ ನಾನು ಸೋಫಾದ ಹಿಂದೆ ನಿಂತು ಕಾಮೆಂಟರಿ ಶುರುಮಾಡಿದೆ. ಹೆಡ್‌ಮಾಸ್ಟರ ಕೆಮ್ಮು, ಕಂಡಕ್ಟರ ಮೂಗು, ದೊಡ್ಡಪ್ಪನ ಗತ್ತು, ಮೂರನ್ನೂ ಕಲಸಿ ಒಂದು ಹೊಸ ಧ್ವನಿ ಕಟ್ಟಿದೆ. “ಮಹನೀಯರೇ, ಮಹಿಳೆಯರೇ! ಟೇಪು ಕೆಳಗೆ ಬಿತ್ತು, ಬೈಕುಗಳು ಹಾರಿದವು, ನೀಲಿಯವನು ಮಣ್ಣು ಎರಚುತ್ತಾ…” ಜೊತೆಗೆ ಹಲ್ಲು ಕಚ್ಚಿ ಇಂಜಿನ್ನಿನ ಸದ್ದು.

ಅಂಕಲ್ ತುಟಿ ಅಲುಗಿತು. “ಮೇಲಕ್ಕೆ.”

“ಏನಂದ್ರಿ ಅಂಕಲ್?”

“ಟೇಪು ಮೇಲಕ್ಕೆ ಹೋಗತ್ತೆ.”

ಅದು ಧ್ವನಿಯಲ್ಲ, ಬರೀ ಉಸಿರು. ಎತ್ತಿಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಆದರೂ ನಾನು ಮೆಟ್ಟಿಲು ಹಾರಿ ಆಂಟಿಗೆ ಹೇಳಿದೆ. ಅವರು ಲಟ್ಟಣಿಗೆ ಹಿಡಿದುಕೊಂಡೇ ಕೂತುಬಿಟ್ಟರು.

“ನಿನಗಂದ್ರು. ನನಗ ಯಾವಾಗ ಅಂತಾರ?”

ಹಾಗೆ ಆ ಸೀಸನ್ನಿನ ಪ್ರತಿ ಮ್ಯಾಚಿಗೂ ನಾನೇ ಅನೌನ್ಸರ್ ಆದೆ. ಬಂದ ಒಂದು ಸಾಲಿನಿಂದ ನಾಲ್ಕು ಸುತ್ತು ಓಡಿಸುವುದು, ಕೊನೆಯಲ್ಲಿ “ಎಲ್ಲರೂ ಹುಷಾರಾಗಿ ಮನೆ ಸೇರಿ” ಎಂದು ಮಂಗಳ ಹಾಡುವುದು. ಅಂಕಲ್ ಆಗಾಗ ಉಸಿರಿನಲ್ಲೇ ನನ್ನ ತಪ್ಪು ತಿದ್ದುತ್ತಿದ್ದರು. ಆದರೆ ತಿದ್ದುವುದು ನನ್ನನ್ನಲ್ಲ, ಅನೌನ್ಸರನ್ನು. ನಾನು ನನ್ನ ಧ್ವನಿಗೆ ಮರಳಿದರೆ ಅವರು ಮತ್ತೆ ಗೋಡೆ.

ಇದನ್ನು ಮೊದಲು ಕಂಡುಹಿಡಿದವರು ಆಂಟಿ. “ಗುಳಗಿ ನುಂಗವಲ್ರು. ಆ ಧನಿಯೊಳಗ ಹೇಳೋ.” ನಾನು ಬೇಸ್‌ಮೆಂಟಿನ ಸ್ಟೂಲ್ ಹತ್ತಿ ತಗಡಿನ ಕೊಳವೆಗೆ ಬಾಯಿಟ್ಟು, “ಪ್ರಕಟಣೆ! ಕೆಂಪು ಹೆಲ್ಮೆಟ್ಟಿನವರು ಬಿಪಿ ಮಾತ್ರೆ ತೆಗೆದುಕೊಳ್ಳಬೇಕು” ಎಂದೆ. ಧ್ವನಿ ಅಡುಗೆಮನೆಯ ನೆಲದ ಜಾಲರಿಯಿಂದ ಎದ್ದಿತು. ಅಂಕಲ್ ಅತ್ತಿತ್ತ ನೋಡಲೂ ಇಲ್ಲವಂತೆ. ಮಾತ್ರೆ ನುಂಗಿ ನೀರು ಕುಡಿದರಂತೆ. ಆಮೇಲೆ ಸ್ನಾನ, ಶೇವಿಂಗು, ಬ್ಯಾಂಕಿನ ಕೆಲಸ, ಎಲ್ಲಕ್ಕೂ ಪ್ರಕಟಣೆ. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಒಂದು ಮಧ್ಯಾಹ್ನ ನಗು ಮುಗಿಸಿದ ಆಂಟಿ, “ನೆಲದಾಗಿಂದ ನೀ ಮಾತಾಡಿದ್ರ ನನಗೂ ಮೈ ಜುಂ ಅಂತೈತಿ. ನೀನ ಅಂತ ಗೊತ್ತಿದ್ರೂ” ಎಂದರು. ನಾನು ಹೇಳಲಿಲ್ಲ, ಕೊಳವೆಯೊಳಗಿಂದ ವಾಪಸ್ಸು ಬರುವ ಪ್ರತಿಧ್ವನಿ ಕೇಳಿ ನನಗೂ ಹಾಗೇ ಆಗುತ್ತಿತ್ತು.

ಬೇಸಿಗೆಯಲ್ಲಿ ಶಿಕಾಗೋಗೆ ಹೋದೆವು. ನಮ್ಮವರ ಅಂಗಡಿಗಳೇ ತುಂಬಿದ ಡೆವನ್ ಅವೆನ್ಯೂನಲ್ಲಿ ಆಂಟಿ ಬ್ಯಾಡಗಿ ಮೆಣಸಿನಕಾಯಿ ಆರಿಸುವಷ್ಟು ಹೊತ್ತು ನಾನೂ ಅಂಕಲ್ಲೂ ಕಾರಿನಲ್ಲಿ ಕೂತಿದ್ದೆವು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಆ ಪೆಟ್ಟಿಗೆ. ರಾತ್ರಿಯೂಟ ನೇಪರ್‌ವಿಲ್‌ನಲ್ಲಿ, ಆಂಟಿಯ ತಮ್ಮನ ಮನೆಯಲ್ಲಿ. ಅಲ್ಲಿ ಬೆಂಗಳೂರಿನ ಐಟಿಯವರ ದಂಡೇ ಇತ್ತು. ಯಾರ ಕೆಲಸ ಉಳಿದಿದೆ ಎಂಬುದನ್ನು ಯಾರೂ ಕೇಳದೆ, ಎಲ್ಲರೂ ಹುಲ್ಲುಹಾಸಿನ ಬಗ್ಗೆ ಮಾತಾಡುತ್ತಿದ್ದರು. ಆಂಟಿಯ ತಮ್ಮನೇ ಎಡವಿದ.

“ಭಾವಾ, ಮತ್ತೇನ್ ನಡದೈತ್ರಿ?”

ಅಂಕಲ್ ಅವನನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು. ನನ್ನ ಹತ್ತಿರ ಇಟ್ಟುಕೊಳ್ಳಲು ಕೊಟ್ಟಿದ್ದ ಉತ್ತರವನ್ನು ವಾಪಸ್ಸು ಕೇಳುವ ನೋಟ ಅದು. ನಾನು ಅವರ ಹಿಂದೆ ನಿಂತು ಆ ಧ್ವನಿಯಲ್ಲಿ, “ಕೆಂಪು ಹೆಲ್ಮೆಟ್ ಸದ್ಯ ಪಿಟ್ಟಿನಲ್ಲಿದೆ, ಇಂಜಿನ್ ತಣ್ಣಗಾಗುತ್ತಿದೆ, ಮುಂದಿನ ಹೀಟಿಗೆ ಬರುತ್ತದೆ” ಎಂದೆ. ಎಲ್ಲರೂ ನಕ್ಕರು. ಒಂದು ಮಗು ಮಾತ್ರ ಅಂಕಲ್ ಮುಖವನ್ನೇ ನೋಡುತ್ತಾ ಅಮ್ಮನ ಹಿಂದೆ ಸರಿಯಿತು.

ಮುಂದಿನ ವಾರ ಆಂಟಿಯ ತಮ್ಮನ ಫೋನ್ ಬಂತು. ಕೊಳವೆಯಲ್ಲಿ ಸ್ಪೀಕರಿನ ಮಾತು ಸ್ಪಷ್ಟವಾಗಿ ಇಳಿಯಿತು. “ಅಕ್ಕಾ, ಭಾವಾ ಮಾತಾಡವಲ್ರು ಅಂತಿದ್ದಿ. ಅವತ್ತು ಎಷ್ಟು ಛಂದ ಮಾತಾಡಿದ್ರಲ್ಲ!”

“ಅದು ನಮ್ಮ ಹುಡುಗ ಮಾತಾಡಿದ್ದೋ.”

“ಯಾವ ಹುಡುಗ? ಭಾವಾನ ತುಟಿ ಅಳ್ಳಾಡಿದ್ದು ನಾ ನೋಡೀನಿ.”

ಆಂಟಿ ಆ ದಿನ ಕೆಳಗಿಳಿದು ಬಂದು ಮೆಟ್ಟಿಲ ಮೇಲೆ ಕೂತರು. ಅವರ ಚಿಂತೆ ಬೇರೆಯೇ ಇತ್ತು. “ಈ ಸೀಸನ್ ಅಕ್ಟೋಬರಕ್ಕ ಮುಗೀತೈತಂತ. ಆಮ್ಯಾಲೆ ನಿನಗ ಒದರಾಕ ಏನೂ ಇರೂದಿಲ್ಲ. ಆ ಉಸಿರೂ ನಿಂತಬಿಟ್ರ? ಅಷ್ಟರೊಳಗ ನನಗೊಂದು ಮಾತು ಆಡ್ಲೇಬೇಕಲ್ಲೋ.”

ಅಕ್ಟೋಬರ್ ಬಂತು. ಬೀದಿಯ ನಾಲ್ಕೈದು ಮನೆಯವರು ಅಲ್ಲಿನ ದೆವ್ವದ ಹಬ್ಬಕ್ಕೆಂದು ಬಾಗಿಲಿಗೆ ಕುಂಬಳಕಾಯಿ, ಅಸ್ಥಿಪಂಜರ ಕಟ್ಟಿದರು. ಹೆದರಿಸಲು ಅಷ್ಟು ಕಷ್ಟಪಡಬೇಕಾಗಿರಲಿಲ್ಲ, ಪಕ್ಕದ ಖಾಲಿ ಮನೆಗಳು ಸುಮ್ಮನೆ ದೀಪ ಹಚ್ಚಿಕೊಂಡು ಆ ಕೆಲಸ ಮಾಡುತ್ತಿದ್ದವು. ಕೊನೆಯ ಮ್ಯಾಚಿನ ಹೊತ್ತಿಗೆ ನನಗೆ ಶೀತ ಹಿಡಿದು ಗಂಟಲು ಪೂರ್ತಿ ಕೂತಿತ್ತು. ಆಂಟಿ ಶುಂಠಿ ಕಷಾಯ ಕುಡಿಸಿದರು, ಅರಿಶಿನ ಹಾಕಿದ ಹಾಲು ಕುಡಿಸಿದರು. “ಇವತ್ತೊಂದಿನ ತಮ್ಮಾ, ಇವತ್ತೊಂದಿನ” ಎಂದರು. ಹೇಗೋ ಕರಕರ ಎನ್ನುತ್ತಾ ಶುರುಮಾಡಿದೆ. ಹೀಟಿನಿಂದ ಹೀಟಿಗೆ ನನ್ನ ಅನೌನ್ಸರ್ ಸಣ್ಣಗಾಗುತ್ತಾ ಹೋದ. ಹದಿಮೂರನೆಯ ಹೀಟಿನ ಎರಡನೇ ಸುತ್ತಿನಲ್ಲಿ ಬಾಯಿ ತೆರೆದೆ, ಏನೂ ಬರಲಿಲ್ಲ.

ಸ್ಕ್ರೀನಿನಲ್ಲಿ ಹೊಸ ಸಾಲು ಬಂತು. ಜೋರು ಮಳೆ, ಟ್ರ್ಯಾಕ್ ಮುಳುಗಿದೆ, ಪಂದ್ಯ ಇಲ್ಲಿಗೇ ನಿಲ್ಲಿಸಲಾಗಿದೆ. ಇನ್ನೂ ಎರಡು ಹೀಟು ಓಡುವುದಿತ್ತು. ಆ ಓಡದ ಎರಡು ಹೀಟಿನೊಂದಿಗೆ ಸೀಸನ್ ಮುಗಿಯಿತು.

ಮೆಟ್ಟಿಲ ಮೇಲೆ ನಿಂತಿದ್ದ ಆಂಟಿಗೆ ನಾನು ಕೈಯಾಡಿಸಿ ಮುಗಿಯಿತು ಎಂದು ತೋರಿಸಿದೆ. ಅವರ ಮುಖ ಇಳಿಯಿತು. ನೀರು ಕಾಯಿಸುವ ಬಾಯ್ಲರ್ ಒಮ್ಮೆ ಗುಡುಗಿ ಸುಮ್ಮನಾಯಿತು.

“ಮಹನೀಯರೇ, ಮಹಿಳೆಯರೇ.”

ಹೆಡ್‌ಮಾಸ್ಟರ ಕೆಮ್ಮು. ಕಂಡಕ್ಟರ ಮೂಗು. ದೊಡ್ಡಪ್ಪನ ಗತ್ತು. ನಾನು ಅಭ್ಯಾಸಬಲದಿಂದ ನನ್ನ ಗಂಟಲು ಮುಟ್ಟಿ ನೋಡಿಕೊಂಡೆ. ಅದು ಅಲುಗುತ್ತಿರಲಿಲ್ಲ.

“ಹೀಟ್ ಹದಿನಾಲ್ಕು. ಟೇಪು ಮೇಲಕ್ಕೆ ಹಾರಿತು.” ಅಂಕಲ್ ನೆಟ್ಟಗೆ ಕೂತಿದ್ದರು. ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಮಳೆಯಲ್ಲಿ ಮುಳುಗಿದ ಆ ಟ್ರ್ಯಾಕಿನಲ್ಲಿ ಅವರು ಓಡದ ರೇಸನ್ನು ಓಡಿಸಿದರು. ನನ್ನ ಥರ ತಪ್ಪುತಪ್ಪಾಗಿ ಅಲ್ಲ. ಬಿಳಿಯವನು ಒಳಗಿನ ಅಂಚು ಹಿಡಿದ, ಹಳದಿಯವನು ಹೊರಗೆ ಬಿದ್ದು ಎದ್ದು ಬೈಕು ತಳ್ಳಿಕೊಂಡು ಬಂದ, ಜನ ಅವನಿಗೂ ಚಪ್ಪಾಳೆ ತಟ್ಟಿದರು. ಇಂಜಿನ್ನಿನ ಸದ್ದೂ ನನ್ನದೇ, ಹಲ್ಲು ಕಚ್ಚಿ ಮಾಡುವುದು. ಹದಿನೈದನೆಯ ಹೀಟನ್ನೂ ಮುಗಿಸಿದರು. ಕೆಂಪಿನವನು ಕೊನೆಗೆ ಬಂದ.

“ಎಲ್ಲರೂ ಹುಷಾರಾಗಿ ಮನೆ ಸೇರಿ,” ಎಂದರು. ಆಮೇಲೆ ತಿರುಗಿ, ಮೆಟ್ಟಿಲ ಕಡೆ ನೋಡಿ, ಅದೇ ಧ್ವನಿಯಲ್ಲಿ, “ಯಾಕೆ ಅಲ್ಲೇ ನಿಂತಿದೀಯಾ? ಕಾಲು ನೋಯಲ್ವಾ? ಬಾ, ಕೂತ್ಕೋ” ಎಂದರು.

ಆಂಟಿ ಮೊದಲು ನನ್ನ ಬಾಯಿ ನೋಡಿದರು. ಅದು ಮುಚ್ಚಿತ್ತು. ಆಮೇಲೆ ಮೆಲ್ಲಗೆ ಇಳಿದು ಬಂದು ಅಂಕಲ್ ಪಕ್ಕದಲ್ಲಿ ಕೂತರು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ, ಸೆರಗು ಬಾಯಿಗಿತ್ತು.

ಮರುದಿನ ಹೋಳಿಗೆ ಆಯಿತು, ತುಪ್ಪವೂ ಆಯಿತು. ಬಡಿಸುವಾಗ ಆಂಟಿ ನನ್ನ ಕಿವಿಯ ಹತ್ತಿರ ಬಗ್ಗಿದರು. “ಧನಿ ನಿಂದು. ಮಾತು ಅವರ್ದ.” ತುಪ್ಪ ಸುರಿಯುತ್ತಾ, “ಮೊದಲಿನ ಧನಿ ಹ್ಯಾಂಗಿತ್ತು ಅಂತ ನಿನ್ನೆಯಿಂದ ನೆನಸ್ತೀನಿ ತಮ್ಮಾ, ನೆನಪ ಆಗವಲ್ದು” ಎಂದರು. ಆ ವಾರ ಅಂಕಲ್ ಕಾರಿನ ಬೆಲ್ಟ್ ಬಿಚ್ಚಿ ಪೆಟ್ಟಿಗೆಯನ್ನು ಒಳಗೆ ತಂದರು.

ನನ್ನ ಗಂಟಲು ಸರಿಹೋದ ದಿನ ಒಬ್ಬನೇ ಕೂತು ಎಲ್ಲರನ್ನೂ ಒಮ್ಮೆ ಕರೆದು ನೋಡಿದೆ. ಹೆಡ್‌ಮಾಸ್ಟರು ಬಂದರು. ಕಂಡಕ್ಟರ್ ಬಂದ. ದೊಡ್ಡಪ್ಪ, ನೇಪರ್‌ವಿಲ್‌ನ ಹುಲ್ಲುಹಾಸಿನವರು, ಆಂಟಿ, ಎಲ್ಲರೂ ಬಂದರು. ಮೂವರನ್ನು ಕಲಸಿ ಕಟ್ಟಿದ ಆ ಒಬ್ಬ ಮಾತ್ರ ಬರಲಿಲ್ಲ. ಕೆಮ್ಮಿ ನೋಡಿದೆ, ಮೂಗು ಹಿಡಿದು ನೋಡಿದೆ. ಅವನಿದ್ದ ಜಾಗದಲ್ಲಿ ಬರೀ ಉಸಿರು.

ಸೀಲಿಂಗಿನ ಕೊಳವೆಯಲ್ಲಿ ಅಡುಗೆಮನೆಯ ಮಾತು ಇಳಿಯುತ್ತಿತ್ತು. ಟೊಮೆಟೊ ಮುಗಿದದ್ದು, ಯಾರಿಗೋ ಫೋನ್ ಮಾಡಬೇಕಾದದ್ದು. ಈಗ ಎರಡು ಧ್ವನಿಗಳಿದ್ದವು, ಖಾಲಿ ಜಾಗ ಎಲ್ಲೂ ಇರಲಿಲ್ಲ.

“ಕೆಳಗಡೆ ಹುಡುಗ ಯಾಕೆ ಇಷ್ಟು ಸೈಲೆಂಟ್ ಆಗಿದಾನೆ?” ಎಂದಿತು ನನ್ನ ಧ್ವನಿ.

“ನೀವ ಕರೀರಿ,” ಎಂದರು ಆಂಟಿ.

ಕೊಳವೆಯ ತಗಡು ಸಣ್ಣಗೆ ನಡುಗಿತು. ಯಾರೋ ಮೇಲೆ ನೆಲದ ಜಾಲರಿಗೆ ಬಾಯಿಟ್ಟು ಬಗ್ಗಿದ್ದರು. “ಪ್ರಕಟಣೆ! ಹಳದಿ ಹೆಲ್ಮೆಟ್ಟಿನವರು ಕೂಡಲೇ ಊಟಕ್ಕೆ ಬರಬೇಕು.”

ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ.